ಮುಳುಗುವ ಹಡಗಿನಿಂದ ಬಂದ ಬಿಸಿ ಬ್ರೆಡ್ಡು

ಜರ್ಮನಿಯ ವಿಲ್ಹೆಲ್ಮ್ಸ್‌ಹಾಫೆನ್ ಬಂದರಿನಲ್ಲಿ ನಮ್ಮ ಬೀದಿಗೆ ಬ್ರೆಡ್ಡು ಮಾಡಿ ಕೊಡುತ್ತಿದ್ದ ಚ್ಯಾರ್ಕ್ ಹಿನ್ರಿಕ್ಸ್, ಅದಕ್ಕೂ ಮೊದಲು ಎಂಟು ವರ್ಷ 'ಯೇಫರ್‌ಲಾಂಡ್' ಎಂಬ ದೊಡ್ಡ ಯುದ್ಧನೌಕೆಯ ಬೇಕರಿಯಲ್ಲಿದ್ದ. ಸಾವಿರ ಜನರಿಗೆ ದಿನಾ ಬ್ರೆಡ್ಡು ಬೇಯಿಸಬೇಕಿತ್ತು. ಫಿರಂಗಿ ಹೇಗೆ ಹಾರಿಸುತ್ತಾರೆಂದು ಅವನು ಕಣ್ಣಾರೆ ಕಂಡವನಲ್ಲ.

ಮೊದಲ ಮಹಾಯುದ್ಧದಲ್ಲಿ, ಉತ್ತರ ಸಮುದ್ರದ ಮಹಾಕದನದ ದಿನ, ಅವನ ತಲೆಯ ಮೇಲಿನ ಅಟ್ಟಕ್ಕೆ ಗುಂಡು ಬಿದ್ದು, ಹಿಟ್ಟಿನ ಮೂಟೆಗಳೆಲ್ಲ ಹರಿದವು. ಬೆಂಕಿ ಆರಿಸಲು ಓಡಿಬಂದ ಒನ್ನೊ, ಬಾಯ್ಲರಿಗೆ ಕಲ್ಲಿದ್ದಲು ಹಾಕುವವನು, ಬಾಗಿಲಲ್ಲೇ ನಿಂತುಬಿಟ್ಟ.

"ಅಯ್ಯೋ, ದೆವ್ವ!"

"ದೆವ್ವ ಅಲ್ಲ ಕಣೋ, ಹಿಟ್ಟು. ನೀನು ನಿನ್ನ ಮುಖ ನೋಡ್ಕೊ ಮೊದಲು!"

ಅಂದಿನಿಂದ ಕರಿಯ, ಬಿಳಿಯ ಎಂದು ಕರೆದುಕೊಳ್ಳುತ್ತ ಇಬ್ಬರೂ ಗೆಳೆಯರಾದರು.

ಜರ್ಮನಿ ಯುದ್ಧ ಸೋತ ಮೇಲೆ ಇಂಗ್ಲಿಷರು ಹಡಗನ್ನು ಸ್ಕಾಟ್ಲೆಂಡಿನ ಉತ್ತರದ ಸ್ಕಾಪಾ ಫ್ಲೋ ಕೊಲ್ಲಿಯಲ್ಲಿ ಕಟ್ಟಿಹಾಕಿದರು. ಮಿಕ್ಕವರನ್ನು ಊರಿಗೆ ಕಳಿಸಿದ ಮೇಲೆ ಹಡಗಿನಲ್ಲಿ ಉಳಿದದ್ದು ನೂರೈವತ್ತು ಜನ. ಏಳು ತಿಂಗಳು ನೆಲ ಮೆಟ್ಟಲಿಲ್ಲ. ೧೯೧೯ರ ಜೂನಿನ ಒಂದು ಮಧ್ಯಾಹ್ನ ಮೇಲಿನಿಂದ ಆಜ್ಞೆ ಬಂತು: ಹಡಗು ಶತ್ರುವಿನ ಕೈಗೆ ಸಿಗಬಾರದು, ತಳದ ನೀರಿನ ಕವಾಟ ತೆರೆದು ಎಲ್ಲರೂ ದೋಣಿ ಹತ್ತಿ.

ಕವಾಟ ತಿರುಗಿಸಿ ಬಂದ ಒನ್ನೊ ಬೇಕರಿಯೊಳಗೆ ಇಣುಕಿದ. "ಬಿಳಿಯಾ, ಬಾರೋ! ನೀರು ಬರ್ತಾ ಇದೆ!"

"ಹತ್ತು ನಿಮಿಷ ತಾಳು. ಇನ್ನೂ ಬೆಂದಿಲ್ಲ."

"ಹಡಗೇ ಮುಳುಗ್ತಾ ಇದೆ ಮಾರಾಯ, ಬ್ರೆಡ್ಡು ಬೇಯೋದು ಕಾಯ್ತೀಯಾ?"

"ದೋಣೀಲಿ ಕೂತು ಏನು ತಿಂತೀಯ? ಆಜ್ಞೇನಾ? ಆ ದಿಂಬಿನ ಚೀಲ ಹಿಡಿ ಇಲ್ಲಿ!"

ನೆಲ ವಾಲತೊಡಗಿತ್ತು. ನಾಲ್ಕು ದಿಂಬಿನ ಚೀಲಗಳಲ್ಲಿ ಬ್ರೆಡ್ಡು ತುಂಬಿಕೊಂಡು ಇಬ್ಬರೂ ಕೊನೆಯ ದೋಣಿಗೆ ಹಾರಿದರು. ಹಡಗು ನಿಧಾನವಾಗಿ ಮಗ್ಗುಲಾಗಿ, ಹೊಟ್ಟೆ ಮೇಲಾಗಿ, ಗುಳುಗುಳು ಎನ್ನುತ್ತ ಮುಳುಗಿತು. ಚ್ಯಾರ್ಕ್ ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ಮೂಗು ಒರೆಸಿಕೊಂಡು ಬ್ರೆಡ್ಡು ಮುರಿದು ಹಂಚಿದ. ಅವರನ್ನು ಸೆರೆಹಿಡಿಯಲು ಬಂದ ಇಂಗ್ಲಿಷ್ ದೋಣಿಯ ಮುದುಕ ನಾವಿಕ ಮೊದಲು ಬಂದೂಕು ತೋರಿಸಿದ, ವಾಸನೆ ಹಿಡಿದ ಮೇಲೆ ಕೈ ಚಾಚಿದ. ಅವನಿಗೂ ಒಂದು ತುಂಡು ಸಿಕ್ಕಿತು.

ಮರುವರ್ಷ ಜನವರಿಯಲ್ಲಿ ಸೆರೆಯಿಂದ ಬಿಡುಗಡೆಯಾಗಿ ಒನ್ನೊನ ಮನೆಗೆ ಊಟಕ್ಕೆ ಹೋದ ಚ್ಯಾರ್ಕ್, ಗೆಳೆಯನ ತಂಗಿ ಗೆಸ್ಕೆಯನ್ನು ಮೆಚ್ಚಿದ. "ಇವ್ನು ಮುಳುಗೋ ಹಡಗಲ್ಲೂ ಬ್ರೆಡ್ಡು ಬಿಡಲಿಲ್ಲ ಕಣೆ, ನಿನ್ನನ್ನ ಬಿಡ್ತಾನಾ?" ಎಂದು ಅಣ್ಣನೇ ಶಿಫಾರಸು ಮಾಡಿದ. ಮದುವೆಯೂ ಆಯಿತು, ನಮ್ಮ ಬೀದಿಯಲ್ಲಿ ಬ್ರೆಡ್ಡಿನ ಅಂಗಡಿಯೂ ಶುರುವಾಯಿತು.

ಎಷ್ಟೋ ವರ್ಷಗಳ ಮೇಲೆ ಗುಜರಿಯವರು ಆ ಹಡಗನ್ನು ತಲೆಕೆಳಗಾಗಿಯೇ ಮೇಲೆತ್ತಿ ಒಡೆಯಲು ಎಳೆದೊಯ್ದ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಚ್ಯಾರ್ಕ್ ಅಂಗಡಿಯಲ್ಲಿದ್ದ. ಎರಡು ಸಲ ಓದಿ, ಪತ್ರಿಕೆ ಮಡಚಿಟ್ಟು, ಒಲೆಯಲ್ಲಿದ್ದ ಬ್ರೆಡ್ಡು ಬೆಂದಿದೆಯಾ ಎಂದು ನೋಡಲು ಎದ್ದ. ಈಗ ಅಂಗಡಿ ಅವನ ಮಗಳದು. ಪ್ರತಿ ಶನಿವಾರ ನಾನು ಅಲ್ಲಿ ಬಿಸಿ ಬ್ರೆಡ್ಡಿಗಾಗಿ ಸಾಲಿನಲ್ಲಿ ನಿಲ್ಲುತ್ತೇನೆ.