ಮೇಷ್ಟ್ರ ಹೊಸ ಹಲ್ಲು

ನಮ್ಮ ಸ್ಯಾಕ್ಸೋಫೋನ್ ಮೇಷ್ಟ್ರು ನಕ್ಕರೆ ಮೇಲಿನ ಸಾಲಿನ ಹಲ್ಲುಗಳು ಬೆಳಗದ ಹಿತ್ತಾಳೆ ಪಾತ್ರೆಯ ಬಣ್ಣದಲ್ಲಿ ಕಾಣುತ್ತಿದ್ದವು. ಮುಂದಿನ ಎರಡು ಹಲ್ಲುಗಳ ತುದಿ ಸ್ವಲ್ಪ ಸವೆದಿತ್ತು. ವಾದ್ಯದ ಮೂತಿಯನ್ನು ಮೇಲಿನಿಂದ ಒತ್ತಿ ಹಿಡಿಯುವುದು ಆ ಹಲ್ಲುಗಳೇ. ಸವೆತ ಸಂಗೀತದ್ದು, ಬಣ್ಣ ಕಾಫಿಯದು.

ಭದ್ರಾವತಿಯ ಕಾಗದನಗರದಲ್ಲಿ ಅವರ ಮನೆ. ಅಲ್ಲಿನ ಕಾಗದದ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಮುಂದಿನ ಕೋಣೆಯಲ್ಲಿ ಪಾಠ ಹೇಳುತ್ತಿದ್ದರು. ನಾನು ಶಾಲೆಯಲ್ಲಿ ಗಣಿತ ಕಲಿಸುವವಳು. ನಲವತ್ತು ದಾಟಿದ ಮೇಲೆ ಆಸೆಪಟ್ಟು ಅವರಲ್ಲಿಗೆ ಹೋದೆ. ಅವರು ವಯಸ್ಸು ಕೇಳಲಿಲ್ಲ. "ಉಸಿರಿದೆಯಲ್ಲ ಟೀಚರೇ, ಕೂತ್ಕೊಳ್ಳಿ" ಅಂದರು.

ಪಾಠದುದ್ದಕ್ಕೂ ಪಕ್ಕದಲ್ಲಿ ಸ್ಟೀಲ್ ಲೋಟ ಇರುತ್ತಿತ್ತು. ಒಂದು ಸಾಲು ನುಡಿಸಿದರೆ ಒಂದು ಗುಟುಕು. ತುಂಬ ಸಿಹಿ ಬೇಕು. ಆರಿದರೆ ಮತ್ತೆ ಬಿಸಿ ಮಾಡಿಸುವುದು, ಮತ್ತೆ ಗುಟುಕು. ಅವರ ಹೆಂಡತಿ ನನ್ನ ಕಡೆ ನೋಡಿ, "ಇವ್ರು ಕಾಫಿ ಕುಡಿಯಲ್ಲ ಮಾರಾಯ್ತಿ, ಸಾಕ್ತಾರೆ" ಅನ್ನುತ್ತಿದ್ದರು. ರಾತ್ರಿಯ ಕೊನೆಯ ಗುಟುಕಿನ ಬಾಯಲ್ಲೇ ಮಲಗುತ್ತಾರೆಂಬುದು ಆಕೆಯ ಇನ್ನೊಂದು ದೂರು.

ಒಂದು ದಿನ ನುಡಿಸಿ ಇಳಿಸಿದಾಗ ವಾದ್ಯದ ಮೂತಿಯ ಮೇಲೆ ರಕ್ತ ಕಂಡಿತು. ಮೇಷ್ಟ್ರು ಪಂಚೆಯ ಅಂಚಿನಿಂದ ಒರೆಸಿದರು. ಎಲ್ಲ ಕಾಫಿಯಿಂದಲೇ ಆಗಿದ್ದೆಂದು ಅವತ್ತೇ ಕಾಫಿ ಬಿಟ್ಟರು. ಮುಂದಿನ ಒಂದು ತಿಂಗಳು ಆ ಮನೆಯಲ್ಲಿ ಯಾರಿಗೂ ಸುಖವಿರಲಿಲ್ಲ. ಚಟ್ನಿಗೆ ಉಪ್ಪು ಕಡಿಮೆಯಾದರೆ ಸಿಟ್ಟು, ಹೆಚ್ಚಾದರೆ ಸಿಟ್ಟು. ರಕ್ತ ಮಾತ್ರ ನಿಲ್ಲಲಿಲ್ಲ. ಮುಂದಿನ ಒಂದು ಹಲ್ಲು ಅಲುಗಾಡತೊಡಗಿದಾಗ ನಾನೇ ಬಲವಂತ ಮಾಡಿ ಶಿವಮೊಗ್ಗಕ್ಕೆ, ಗಾಂಧಿ ಬಜಾರಿನ ಹತ್ತಿರದ ಹಲ್ಲಿನ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆ.

ಡಾಕ್ಟರಮ್ಮ ಬಾಯಿ ನೋಡಿ ಹೇಳಿದರು: "ಕಾಫಿ ಹಲ್ಲಿಗೆ ಕಲೆ ಮಾಡತ್ತೆ ಸರ್, ನಿಜ. ಆದ್ರೆ ವಸಡು ಹಾಳಾಗಿರೋದು ಹಲ್ಲಿನ ಬುಡದಲ್ಲಿ ಕಟ್ಟಿರೋ ಪಾಚಿಯಿಂದ. ರಾತ್ರಿ ಹಲ್ಲುಜ್ಜಲ್ಲ ಅಲ್ವಾ? ಹುಳುಕಾಗಿರೋದು ಸಕ್ಕರೆಯಿಂದ. ದಿನವಿಡೀ ಸ್ವಲ್ಪ ಸ್ವಲ್ಪ ಕುಡಿದ್ರೆ ಹಲ್ಲನ್ನ ಪಾನಕದಲ್ಲಿ ನೆನೆಸಿಟ್ಟ ಹಾಗೆ."

"ಅಂದ್ರೆ ಕಾಫಿ ಬಿಡಬೇಕಾಗಿರ್ಲಿಲ್ವಾ?" ಮೇಷ್ಟ್ರು ಕೇಳಿದರು.

"ಬಿಡೋದೇನೂ ಬೇಡ. ಸಕ್ಕರೆ ಬಿಡಿ, ಒಂದೇ ಸಲಕ್ಕೆ ಕುಡಿದು ಮುಗಿಸಿ, ನೀರಲ್ಲಿ ಬಾಯಿ ಮುಕ್ಕಳಿಸಿ."

ಮೇಷ್ಟ್ರು ನನ್ನ ಕಡೆ ತಿರುಗಿ, "ಒಂದು ತಿಂಗಳು ಮನೆಯವಳ ಮೇಲೆ ರೇಗಿದ್ದೆಲ್ಲ ದಂಡ ಆಯ್ತಲ್ರೀ!" ಅಂದರು.

ಉಳಿದ ಹಲ್ಲುಗಳನ್ನು ಡಾಕ್ಟರಮ್ಮ ಶುಚಿಮಾಡಿ ಉಳಿಸಿದರು. ಅಲುಗಾಡುತ್ತಿದ್ದುದನ್ನು ಮಾತ್ರ ಕೀಳಲೇಬೇಕಾಯಿತು. ಅವತ್ತು ಬಸ್ಸಿನಲ್ಲಿ ಬಾಯಲ್ಲಿ ಹತ್ತಿ ಕಚ್ಚಿಕೊಂಡು ಕಿಟಕಿಯಾಚೆ ನೋಡುತ್ತ ಕೂತಿದ್ದರು. ಭದ್ರಾವತಿ ಹತ್ತಿರ ಬಂದಾಗ ಮೆಲ್ಲಗೆ, "ಇನ್ನು ಊದಕ್ಕಾಗುತ್ತೋ ಇಲ್ವೋ" ಅಂದರು. ಅವರ ದನಿಯಲ್ಲಿ ಅಂಥ ಭಯವನ್ನು ನಾನು ಕೇಳಿದ್ದು ಅದೊಂದೇ ಸಲ.

ಗಾಯ ಮಾಗಿ ಕಟ್ಟಿಸಿದ ಹಲ್ಲು ಬಂತು. ಆದರೆ ತುಟಿಯ ಬಿಗಿ ತಪ್ಪಿಹೋಗಿತ್ತು. ಊದಿದರೆ ಸ್ವರಕ್ಕಿಂತ ಗಾಳಿಯೇ ಹೆಚ್ಚು. ನಾನು ಆ ಹೊತ್ತಿಗೆ ಪಾಠ ಬಿಡುವ ಯೋಚನೆಯಲ್ಲಿದ್ದೆ. ನನ್ನ ಜೊತೆ ಸೇರಿದ ಹುಡುಗಿಯರು ವರ್ಣಕ್ಕೆ ಹೋಗಿದ್ದರು, ನಾನಿನ್ನೂ ಮೊದಲ ಪಾಠವಾದ ಸರಳೆ ವರಸೆಯಲ್ಲಿ ಎಡವುತ್ತಿದ್ದೆ. ಹೇಗೆ ಹೇಳಲಿ ಎಂದು ಯೋಚಿಸುತ್ತ ಹೋದರೆ ಮೇಷ್ಟ್ರು ತಮ್ಮ ಕುರ್ಚಿ ಬಿಟ್ಟು ನನ್ನ ಚಾಪೆಯ ಮೇಲೆ ಕೂತಿದ್ದರು.

"ಇವತ್ತಿಂದ ನಾವಿಬ್ರೂ ಒಂದೇ ಕ್ಲಾಸು ಟೀಚರೇ. ಸ ಹಿಡೀರಿ."

ಇಬ್ಬರೂ ಹಿಡಿದೆವು. ಇಬ್ಬರದೂ ಕೆಟ್ಟದಾಗಿತ್ತು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬಿಡುವ ಮಾತು ನನ್ನ ಬಾಯಿಂದ ಹೊರಡಲೇ ಇಲ್ಲ. ಆ ಮಳೆಗಾಲವೆಲ್ಲ ಅವರು ಎಳೆ ಮಕ್ಕಳು ಕಲಿಯುವ ಪಾಠವನ್ನೇ ಮತ್ತೆ ಅಭ್ಯಾಸ ಮಾಡಿದರು, ನನ್ನ ಪಕ್ಕದಲ್ಲೇ.

ಮತ್ತೆ ನುಡಿಸಿದ್ದು ಹೊಳೆಹೊನ್ನೂರಿನ ಒಂದು ಮದುವೆಯಲ್ಲಿ. ಕಲ್ಯಾಣಿ ರಾಗದ ಆಲಾಪನೆಯ ನಡುವೆ ಹಲ್ಲು ಜಾರಿತು. ವಾದ್ಯ ಕೀರಲಾಗಿ ಕೂಗಿತು. ಮೇಷ್ಟ್ರು ವಾದ್ಯ ಇಳಿಸಿ, ಹಲ್ಲು ಸರಿಮಾಡಿಕೊಂಡು, ಮೈಕಿಗೆ ಬಾಯಿಟ್ಟು, "ಕ್ಷಮಿಸ್ಬೇಕು, ಹಲ್ಲು ಹೊಸದು. ಅದಕ್ಕಿನ್ನೂ ಕಲ್ಯಾಣಿ ಪಾಠ ಆಗಿಲ್ಲ" ಅಂದರು. ಮಂಟಪದಲ್ಲಿದ್ದ ಪುರೋಹಿತರೂ ನಕ್ಕರು. ಮತ್ತೆ ಮೊದಲಿನಿಂದ ಶುರುಮಾಡಿದರು. ಊಟಕ್ಕೆ ಎದ್ದವರು ವಾಪಸ್ಸು ಬಂದು ಕೂತರು.

ಆಮೇಲೆ ಬಹಳ ಕಾರ್ಯಕ್ರಮ ಕೊಟ್ಟರು. ಸಕ್ಕರೆಯಿಲ್ಲದ ಕಾಫಿ ಒಗ್ಗಿತು. "ಇಷ್ಟು ವರ್ಷ ಸಕ್ಕರೆ ಕುಡಿದೆ, ಕಾಫಿ ಈಗ ಕುಡೀತಿದೀನಿ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಕಳೆದ ಬೇಸಿಗೆಯಲ್ಲಿ, ಹೆಚ್ಚು ನರಳದೆ ತೀರಿಕೊಂಡರು.

ಮೊನ್ನೆ ಶಾಲೆಯ ವಾರ್ಷಿಕೋತ್ಸವದಲ್ಲಿ ಮೊದಲ ಸಲ ಒಬ್ಬಳೇ ವೇದಿಕೆಯಲ್ಲಿ ನುಡಿಸಿದೆ. ಮುಗಿದ ಮೇಲೆ ಮೇಷ್ಟ್ರ ಹೆಂಡತಿ ಬಂದು ನನ್ನ ಕೈ ಹಿಡಿದುಕೊಂಡರು. ರಾಗದ ಬಗ್ಗೆ ಏನೂ ಹೇಳಲಿಲ್ಲ.

"ನುಡಿಸೋವಾಗ ನೀನೂ ಅವ್ರ ಥರಾನೇ ಎಡಗಾಲು ಕುಣಿಸ್ತೀಯಲ್ಲೇ" ಅಂದರು.

ಅದು ನನಗೇ ಗೊತ್ತಿರಲಿಲ್ಲ.