ಕಂಬಳಿ ವಾಪಸ್ ಬಂದನೇ?

ಕಳೆದ ಭಾನುವಾರ ಮಧ್ಯಾಹ್ನ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಲ್ಲಾಗಿ ಕೂತಿದ್ದ ಬಟಾಣಿ ಪೊಟ್ಟಣವನ್ನು ಚಮಚದಿಂದ ಮೀಟುತ್ತಿದ್ದೆ. ಹಳೆಯ ಮಂಜುಗಡ್ಡೆಗೆ ಒಂದು ವಾಸನೆ ಇರುತ್ತದೆ, ನೀವು ಗಮನಿಸಿರಬಹುದು. ಅದು ಮೂಗಿಗೆ ತಾಗಿದ್ದೇ ತಡ, ನನಗೆ ಕಂಬಳಿ ನೆನಪಾದ. ಬಟಾಣಿಯನ್ನು ಅಲ್ಲೇ ಬಿಟ್ಟು ಫೋನ್ ಹಿಡಿದು ಕೂತೆ. ಅವನಿದ್ದ ಸಿನಿಮಾದ ಹೆಸರು ಹಿಂದೆ ನೋಡುವಾಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿರಲಿಲ್ಲ. ಹಿಮ, ಹೇಸರಗತ್ತೆ, ಇಟಲಿ ಎಂದು ಒತ್ತಿದೆ. ಸಿಕ್ಕಿಯೇಬಿಟ್ಟಿತು.

ಚಿತ್ರದ ಕೆಳಗೆ ಅಭಿಮಾನಿಗಳ ಅಭಿಪ್ರಾಯಗಳು ಸಾಲುಗಟ್ಟಿದ್ದವು. ಸಂಗೀತ ಕೇಳಿ ಕಣ್ಣೀರು ಬಂತು ಎಂದು ಒಬ್ಬ. ಅಷ್ಟು ಹಿಮ ಸುರಿದರೂ ನಾಯಕನ ಟೋಪಿ ಒಣಗಿಯೇ ಇದೆಯಲ್ಲ ಎಂದು ಇನ್ನೊಬ್ಬ. ಅವನಿಗೆ ಮೂರನೆಯವನು ಬೈದಿದ್ದ. ಓದುತ್ತಾ ನನಗೆ ಸಣ್ಣ ಹೊಟ್ಟೆಯುರಿ ಶುರುವಾಯಿತು. ಇವರೆಲ್ಲ ಬೆಚ್ಚಗೆ ಸೋಫಾದ ಮೇಲೆ ಕೂತು ಹಿಮದ ಮೇಲೆ ತೀರ್ಪು ಕೊಟ್ಟವರು. ನಾವು ಮೈನಸ್ ಇಪ್ಪತ್ತರಿಂದ ಎದ್ದು ಬಂದು ಕೊಟ್ಟವರು.

ಆಗ ನಾನು ದೊಡ್ಡನೆಕ್ಕುಂದಿಯ ಒಂದು ಶೀತಗೃಹದಲ್ಲಿ ಸ್ಟಾಕ್ ಗುಮಾಸ್ತನಾಗಿದ್ದೆ. ಐಸ್‌ಕ್ರೀಮು, ಮೀನು, ಬಟಾಣಿ ಎಲ್ಲವೂ ಇದ್ದವು. ಒಳಗೆ ಇಪ್ಪತ್ತು ನಿಮಿಷ ಕೆಲಸ, ಹೊರಗೆ ಹತ್ತು ನಿಮಿಷ ಬಿಸಿ ಚಹಾ, ಇದು ನಿಯಮ. ಬಾಗಿಲ ಪಕ್ಕ ಒಂದು ಹಲಗೆ, ಅದರ ತುಂಬ ಮೊಳೆ. ಒಳಗೆ ಹೋಗುವವನು ತನ್ನ ಹೆಸರಿನ ಬಿಲ್ಲೆಯನ್ನು ಮೊಳೆಗೆ ನೇತುಹಾಕಬೇಕು, ಹೊರಬಂದ ಮೇಲೆ ತೆಗೆದುಕೊಳ್ಳಬೇಕು. ಹಲಗೆ ಖಾಲಿಯಾಗದೆ ಬಾಗಿಲಿಗೆ ಚಿಲಕ ಬೀಳುವಂತಿಲ್ಲ. ಆ ಬಾಗಿಲಿನ ಯಜಮಾನ ಮುನಿರಾಜಣ್ಣ. ಅದೇ ಊರಿನ ಹಳೆಯ ಮನೆತನದವನು, ಆಳು ಬಾಗಿಲಿನಷ್ಟೇ ಅಗಲ. ಮೇ ತಿಂಗಳಲ್ಲೂ ಮಂಗನ ಟೋಪಿ ತೆಗೆಯುತ್ತಿರಲಿಲ್ಲ.

ಮಾರತ್ತಹಳ್ಳಿಯ ಫುಟ್‌ಪಾತಿನಲ್ಲಿ ಅವನು ಕೊಂಡು ತಂದ ಸೀಡಿಯಲ್ಲಿತ್ತು ಆ ಸಿನಿಮಾ. ತೆಗೆದವರು ಇಟಲಿಯವರು, ನಡೆಯುವುದು ಅಮೆರಿಕದಲ್ಲಿ, ಮಾತು ಹಿಂದಿಯಲ್ಲಿ. ಕನ್ನಡದಲ್ಲಿ ಅರ್ಥ ಹೇಳುವ ಕೆಲಸ ನನ್ನದು. ನನ್ನ ಹಿಂದಿ ಎಷ್ಟರಮಟ್ಟಿನದು ಎಂಬುದನ್ನು ದಯವಿಟ್ಟು ಕೇಳಬೇಡಿ. ಕಥೆ ಇಷ್ಟು: ಗುಡ್ಡದಾಚೆಯ ಊರಿಗೆ ಟಪಾಲು ಒಯ್ಯುವ ಒಬ್ಬ ಮುದುಕ, ಅವನ ಜೊತೆ ಕಂಬಳಿ ಹೊದ್ದ ಒಬ್ಬ ಕಳ್ಳ, ಒಂದು ಹೇಸರಗತ್ತೆ, ಉಳಿದದ್ದೆಲ್ಲ ಹಿಮ. ವಿದೇಶಿ ಹೆಸರುಗಳಿಗೆ ನಾಲಿಗೆ ಹೊರಳದೆ ಅವರನ್ನು ನಾವು ಟಪಾಲಪ್ಪ ಮತ್ತು ಕಂಬಳಿ ಎಂದು ಕರೆದೆವು. ಕೊನೆಗೆ ಟಪಾಲಪ್ಪನ ಕಾಲು ಮುರಿಯುತ್ತದೆ. ಅವನನ್ನು ಗುಡಿಸಲಲ್ಲಿ ಮಲಗಿಸಿ, ಜನರನ್ನು ಕರೆತರುತ್ತೇನೆಂದು ಹೇಳಿ ಕಂಬಳಿ ಹೊರಡುತ್ತಾನೆ. ಹೋಗುವ ಮುನ್ನ ಒಮ್ಮೆ ಹಿಂತಿರುಗಿ ನೋಡುತ್ತಾನೆ. ಅಷ್ಟೇ. ಸೀಡಿ ಅಲ್ಲೇ ಕಚ್ಚಿಕೊಂಡು ಅವನ ಮುಖ ಚೌಕ ಚೌಕವಾಗಿ ಒಡೆದು ನಿಲ್ಲುತ್ತಿತ್ತು.

ಚಹಾದ ಕೋಣೆಯ ಟೀವಿಯಲ್ಲಿ, ಹತ್ತು ಹತ್ತು ನಿಮಿಷದ ಕಂತಿನಲ್ಲಿ, ಅದನ್ನು ಎಷ್ಟು ಸಲ ನೋಡಿದೆವೋ ಲೆಕ್ಕವಿಲ್ಲ. ಮುನಿರಾಜಣ್ಣನ ವಿಮರ್ಶೆ ಕಟುವಾಗಿತ್ತು.

"ಇದು ಇಮಾನೇ ಅಲ್ಲ ಸಾರ್, ಸೋಪಿನ ನೊರೆ. ಅವ್ರ ಬಾಯ್ ನೋಡಿ, ಒಗೆ ಬತ್ತೈತಾ? ನಮ್ ರೂಮಲ್ಲಿ ಆಕಳಿಸಿದ್ರೂ ಒಗೆ ಬತ್ತದೆ."

ಎಲ್ಲವೂ ಸುಳ್ಳು ಎನ್ನುತ್ತಲೇ ಒಂದು ವಿಷಯವನ್ನು ಮಾತ್ರ ಅವನು ಪೂರ್ತಿ ನಂಬಿದ್ದ: ಕಂಬಳಿ ವಾಪಸ್ ಬಂದೇ ಬರುತ್ತಾನೆ. "ಒಬ್ಬ ಒಳಗವ್ನೆ ಅಂತ ಗೊತ್ತಿದ್ದು ಎಂಗ್ ಸಾರ್ ಬಿಟ್ಟೋಯ್ತಾನೆ?"

ನಮ್ಮ ಮ್ಯಾನೇಜರ್ ವಿರೂಪಾಕ್ಷಪ್ಪನವರದು ಬೇರೆಯೇ ಪಕ್ಷ. ದಾವಣಗೆರೆ ಕಡೆಯವರು, ಅಚ್ಚುಕಟ್ಟಾದ ವಿಭೂತಿ, ಅಷ್ಟೇ ಅಚ್ಚುಕಟ್ಟಾದ ಅಪನಂಬಿಕೆ. "ಬರೋದಿಲ್ರೀ ಅವ. ಕಳ್ಳ ಅದಾನ. ಹೇಸರಗತ್ತಿ ಸಿಕ್ತು, ನಡದ." ಒಂದು ದಿನ ವಾದ ಜೋರಾದಾಗ ಅವರು ನನ್ನ ಕಡೆ ತಿರುಗಿದರು. "ನೀವು ಓದಿದೋರು. ಈ ಪಿಚ್ಚರ್ ಪೂರ್ತಿ ನೋಡಿರ್ಬೇಕಲ್ರೀ?"

ನಾನು ನೋಡಿರಲಿಲ್ಲ. ಆದರೆ ದೀಪಾವಳಿಗೆ ನಾಲ್ಕು ದಿನ ರಜೆ ಕೇಳಿದ ನನ್ನ ಅರ್ಜಿ ಅವರ ಮೇಜಿನ ಮೇಲಿತ್ತು. ಓದಿದವನು ಎಂಬ ಮಾತೂ ಹಿತವಾಗಿತ್ತು. "ನೋಡಿದ್ದೀನಿ ಸಾರ್. ಬರಲ್ಲ ಅವನು," ಎಂದುಬಿಟ್ಟೆ.

ಮುನಿರಾಜಣ್ಣ ಎದ್ದು ಸೀಡಿಯನ್ನು ಹೊರತೆಗೆದು, ಮಫ್ಲರಿನಲ್ಲಿ ಒರೆಸಿ, ಜೇಬಿಗೆ ಹಾಕಿಕೊಂಡ. "ಅಂಗಾದ್ರೆ ಇದನ್ನ ಯಾಕ್ ನೋಡ್ಬೇಕು ಬುಡಿ," ಎಂದ. ಅಂದಿನಿಂದ ಅವನು ಚಹಾ ಲೋಟ ಹಿಡಿದು ಬಾಗಿಲ ಬಳಿಯೇ ನಿಲ್ಲತೊಡಗಿದ. ನಾನು ಬಿಲ್ಲೆ ಹಾಕಿದೆನೇ, ತೆಗೆದೆನೇ ಎಂದಷ್ಟೇ ನೋಡುತ್ತಿದ್ದ. ಹೋದವರು ಬರುವ ತನಕ ಕಾಯುವುದನ್ನೇ ಇಷ್ಟು ವರ್ಷ ಮಾಡಿಕೊಂಡು ಬಂದವನಿಗೆ, ಬರುವುದಿಲ್ಲ ಎಂದು ನಾನು ರಜೆಯಾಸೆಗೆ ಹೇಳಿದ್ದೆ. ನಾಚಿಕೆಯಾಯಿತು. ಆದರೂ ನಿಜ ಹೇಳುವಷ್ಟು ಆಗಲಿಲ್ಲ.

ಆಯುಧಪೂಜೆಯ ದಿನ ಬಂತು. ಕಂಪ್ರೆಸರ್‌ಗಳಿಗೆಲ್ಲ ಚೆಂಡುಹೂವಿನ ಹಾರ, ಬಾಗಿಲಿಗೆ ಬಾಳೆಕಂದು. ಎಲ್ಲರೂ ಮುಂದಿನ ಅಂಗಳದಲ್ಲಿ ಮಂಗಳಾರತಿಗೆ ಸೇರಿದ್ದರು. ಚಿಕ್ಕು ಐಸ್‌ಕ್ರೀಮಿನ ಡಬ್ಬಗಳ ಸಂಖ್ಯೆಯಲ್ಲಿ ನನಗೊಂದು ಅನುಮಾನವಿತ್ತು. ಎರಡು ನಿಮಿಷದ ಕೆಲಸಕ್ಕೆ ಬಿಲ್ಲೆ ಯಾಕೆ, ಜಾಕೆಟ್ ಯಾಕೆ ಎಂದು ಬರೀ ಸ್ವೆಟರಿನಲ್ಲಿ ಒಳಗೆ ಹೋದೆ. ಹಲಗೆ ಖಾಲಿ ಕಂಡ ಯಾರೋ ಪುಣ್ಯಾತ್ಮ ಚಿಲಕ ಹಾಕಿಕೊಂಡು ಆರತಿಗೆ ಓಡಿದ. ಒಳಗಿನಿಂದ ತೆರೆಯುವ ಹಿಡಿ ಮಂಜು ಕಟ್ಟಿ ಅಲುಗಲಿಲ್ಲ. ಹೊರಗೆ ಜಾಗಟೆ, ಒಳಗೆ ನನ್ನ ಕೂಗು. ಮೊದಲು ದೇವರನ್ನು ನೆನೆದೆ, ಆಮೇಲೆ ಹೆಂಡತಿಯನ್ನು. ಕೊನೆಗೆ, ಹೇಳಿದರೆ ನಗುತ್ತೀರಿ, ಕಂಬಳಿಯನ್ನು ನೆನೆದೆ. ಬಾ ಮಾರಾಯ, ವಾಪಸ್ ಬಾ, ನಾನು ಹೇಳಿದ್ದು ಸುಳ್ಳು ಎಂದು ಬಟಾಣಿ ಮೂಟೆಗಳ ಮುಂದೆ ಗಟ್ಟಿಯಾಗಿಯೇ ಹೇಳಿದೆ. ಬಾಯಿಂದ ಹೊಗೆ ಧಾರಾಳವಾಗಿ ಬರುತ್ತಿತ್ತು.

ಬಾಗಿಲು ತೆರೆಯಿತು. ಮುನಿರಾಜಣ್ಣ ನಿಂತಿದ್ದ, ಕೈಯಲ್ಲಿ ಪೂಜೆಯ ಒಂದು ಕಡಲೆಪುರಿ ಪೊಟ್ಟಣ.

"ಎಲ್ರಿಗೂ ಅಂಚಿದ್ಮೇಲೆ ಒಂದು ಉಳೀತು. ತಿನ್ನೋ ಇಚಾರ್ದಲ್ಲಿ ನೀವು ತಡ ಮಾಡೋರಲ್ವಲ್ಲ ಅಂತ ಬಂದೆ."

ಏಳೆಂಟು ನಿಮಿಷವಾಗಿತ್ತಂತೆ. ನನಗೆ ಒಂದು ಚಳಿಗಾಲವೇ ಕಳೆದಂತಿತ್ತು. ಅವನು ತನ್ನ ಜಾಕೆಟ್ಟನ್ನು ನನಗೆ ಹೊದಿಸಿದ. ಹಲ್ಲು ಕಟಕಟಿಸುತ್ತಲೇ ಒಪ್ಪಿಕೊಂಡೆ: "ಮುನಿರಾಜಣ್ಣ, ನಾನು ಆ ಸಿನಿಮಾ ಪೂರ್ತಿ ನೋಡೇ ಇಲ್ಲ. ಸುಳ್ಳು ಹೇಳ್ದೆ."

"ಗೊತ್ತಿತ್ತು ಬುಡಿ ಸಾರ್," ಎಂದ. ಆದರೆ ಅವನ ಮುಖ ಅರಳಿದ್ದನ್ನು ನೋಡಿದರೆ ಗೊತ್ತಿರಲಿಲ್ಲ ಎಂದೇ ತೋರುತ್ತಿತ್ತು. ಮಾರನೆಯ ದಿನ ಸೀಡಿ ಮತ್ತೆ ಟೀವಿಯ ಪಕ್ಕ ಬಂದಿತು.

ಇಷ್ಟೆಲ್ಲ ನೆನೆದು ಕಳೆದ ಭಾನುವಾರ ಸಿನಿಮಾದ ಕೊನೆಯ ಹತ್ತು ನಿಮಿಷ ನೋಡಿದೆ. ಚೌಕಗಳಿಲ್ಲದ ಕಂಬಳಿಯ ಮುಖ ಕಂಡಿತು. ಅವನು ನಡೆದ. ಹಿಮ ಸುರಿಯಿತು. ಬೆಳಗಾಯಿತು. ಸಿನಿಮಾ ಮುಗಿಯಿತು. ಕಂಬಳಿ ವಾಪಸ್ ಬರಲಿಲ್ಲ. ನಾನು ಅಂದು ಹೇಳಿದ ಸುಳ್ಳೇ ನಿಜವಾಗಿತ್ತು. ಯಾರಿಗೆ ಬೇಕಿತ್ತು ಈ ಗೆಲುವು?

ನಿವೃತ್ತನಾಗಿ ಮನೆಯಲ್ಲಿರುವ ಮುನಿರಾಜಣ್ಣನಿಗೆ ಫೋನ್ ಮಾಡಿದೆ. ಸಿನಿಮಾ ಸಿಕ್ಕಿತು ಎಂದೆ.

"ಬಂದ್ನಾ?" ಎಂದ ತಕ್ಷಣ.

"ಬಂದ ಕಣಣ್ಣ," ಎಂದೆ.

ಆ ಕಡೆ ನಗು. "ಸುಳ್ ಯೋಳಕ್ಕೆ ನಿಮ್ಗೆ ಇನ್ನೂ ಬರಲ್ಲ ಸಾರ್. ಓದ್ ತಿಂಗ್ಳೇ ಮೊಮ್ಮಗಳು ತೋರ್ಸಿದ್ಲು."

"ಬೇಜಾರಾಯ್ತಾ?"

"ಆಯ್ತು. ಆಮೇಲೆ ಇನ್ನೊಂದ್ಸಲ ನೋಡ್ದೆ. ಟಪಾಲಪ್ಪ ಬಾಗ್ಲು ಮುಚ್ಚಿಲ್ಲ ಸಾರ್. ಮುರ್ದ ಕಾಲ್ ಎಳ್ಕೊಂಡೋಗಿ ತಗ್ದಿಟ್ಟು ಕುಂತವ್ನೆ. ನೀವು ಅದನ್ನ ನೋಡ್ಲಿಲ್ವಾ?"

ನಾನು ನೋಡಿರಲಿಲ್ಲ. ದಾರಿಯನ್ನೇ ನೋಡುತ್ತಿದ್ದ ನನಗೆ ಬಾಗಿಲು ಕಂಡಿರಲಿಲ್ಲ. ಫೋನಿಟ್ಟು ಮತ್ತೆ ಹಾಕಿದೆ. ಗುಡಿಸಲಿನ ಬಾಗಿಲು ಹಾರುಹೊಡೆದಿತ್ತು. ಹೊಸ್ತಿಲಲ್ಲಿ ಮುದುಕ ಗಾಳಿಗೆ ಎದುರಾಗಿ ಕೂತಿದ್ದ. ಸ್ಕ್ರೀನನ್ನು ಮೂಗಿನ ಹತ್ತಿರ ತಂದು ಅವನ ಬಾಯಿಯನ್ನೇ ನೋಡಿದೆ.

ಆಮೇಲೆ ಅಭಿಮಾನಿಗಳ ಆ ಉದ್ದನೆಯ ಸಾಲಿನ ಕೊನೆಗೆ ಹೋಗಿ, ಕನ್ನಡದಲ್ಲೇ ಬರೆದೆ: "ಉಳಿದದ್ದೆಲ್ಲ ಸೋಪಿನ ನೊರೆ ಇರಬಹುದು. ಕೊನೆಯ ದೃಶ್ಯದಲ್ಲಿ ಮುದುಕನ ಬಾಯಿಂದ ಹೊಗೆ ಬರುತ್ತಿದೆ."