ಹಳದಿ ಪಟ್ಟಿಯ ಸೇಬಿನ ಮರ

ನಾವು ರಜೆಗೆ ಬಂದಿಳಿದಿದ್ದ, ಸ್ಟಟ್‌ಗಾರ್ಟ್ ನಗರದ ಅಂಚಿನ ಈ ಬಡಾವಣೆಯಲ್ಲಿ ಮನೆಗಳು ಮುಗಿದ ಕೂಡಲೇ ಸೇಬಿನ ಮರಗಳು ಶುರುವಾಗುತ್ತವೆ. ಬೇಲಿಯಿಲ್ಲ, ಕಾವಲಿಲ್ಲ. ಅಮೆರಿಕದ ನಮ್ಮ ಪ್ಲೇನ್ಸ್‌ಬರೋದಲ್ಲಾದರೆ ಎಲೆಯುದುರುವ ಫಾಲ್ ಬಂದಾಗ ಟಿಕೆಟ್ ಕೊಂಡು, ಸಾಲಿನಲ್ಲಿ ನಿಂತು ಸೇಬಿನ ತೋಟದೊಳಕ್ಕೆ ಹೋಗುತ್ತೇವೆ. ಇಲ್ಲಿ ಹಣ್ಣು ಕಾಲುದಾರಿಯ ಮೇಲೇ ಬಾಗಿತ್ತು. ಬೆಳಗಿನ ವಾಕಿಂಗ್‌ಗೆ ಜೊತೆಯಲ್ಲಿ ಬಂದಿದ್ದ ಅತ್ತೆಯ ಕಣ್ಣು ತಪ್ಪಿಸಿ ಕೈ ಚಾಚಿದೆ.

"ಮುಟ್ಟಬ್ಯಾಡವಾ! ಹರಕಿ ಕಟ್ಯಾರ, ಕಾಣಂಗಿಲ್ಲೇನು?"

ನಿಜ, ಕಾಂಡದ ಸುತ್ತ ಹಳದಿ ಬಟ್ಟೆಯ ಪಟ್ಟಿಯೊಂದಿತ್ತು. ಧಾರವಾಡದ ಅತ್ತೆಗೆ ಅಷ್ಟು ಸಾಕು. ಚಪ್ಪಲಿ ಬಿಟ್ಟು, ಒದ್ದೆ ಹುಲ್ಲಿನ ಮೇಲೆ ನಿಂತು ಮರಕ್ಕೆ ಕೈಮುಗಿದರು. ಜರ್ಮನಿಯಲ್ಲಿ ಯಾರು ಹರಕೆ ಕಟ್ಟುತ್ತಾರೆ ಎಂದು ಕೇಳಬೇಕೆನಿಸಿದರೂ ನಾನು ಕೈ ಹಿಂದಕ್ಕೆಳೆದುಕೊಂಡೆ.

ಅಷ್ಟರಲ್ಲಿ ನಾಯಿ ಹಿಡಿದುಕೊಂಡು ಬಂದ ಅಜ್ಜಿಯೊಬ್ಬರು ಅದೇ ಮರದಿಂದ ಎರಡು ಹಣ್ಣು ಕಿತ್ತು, ಒಂದನ್ನು ಕಚ್ಚಿ, ಇನ್ನೊಂದನ್ನು ಅತ್ತೆಯ ಮುಂದೆ ಹಿಡಿದರು. ಅತ್ತೆ ಹೌಹಾರಿ ನನ್ನ ಮುಖ ನೋಡಿದರು. ಅಜ್ಜಿ ಹಳದಿ ಪಟ್ಟಿಯನ್ನು ತೋರಿಸಿ, ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಅತ್ತೆಗೆ ತಿಳಿಸಿದೆ.

"ಮರದ ಮಾಲಕರು ಕಟ್ಯಾರಂತ್ರಿ. ಈ ಪಟ್ಟಿ ಇದ್ರ ಯಾರ್ ಬೇಕಾದ್ರೂ ಕಿತ್ಕೊಂಡು ತಿನ್ನಬಹುದಂತ."

"ಗುರ್ತಿಲ್ಲದವ್ರೂ?"

"ಹೌದ್ರಿ, ನಮ್ಮಂಥವ್ರೂ."

ಅತ್ತೆ ಅಜ್ಜಿಯ ಕೈಯಿಂದ ಹಣ್ಣು ತೆಗೆದುಕೊಂಡರು.

"ಮತ್ತ ನಾ ಏನಂದೆ? ಹರಕೀನ ಅದು," ಎಂದು ಹಣ್ಣನ್ನು ಕಣ್ಣಿಗೊತ್ತಿಕೊಂಡು ಕಚ್ಚಿದರು. ತಿಂದು ಮುಗಿಯುವವರೆಗೂ ಚಪ್ಪಲಿ ಮೆಟ್ಟಲಿಲ್ಲ.